ನಮ್ಮಜ್ಜಿಗೆ ಹೆಸರು ನೆನಪಿದ್ದ ಒಬ್ಬಳೇ ನಟಿ

ನಮ್ಮಜ್ಜಿಗೆ ಸಿನಿಮಾದೋರ ಹೆಸರು ಯಾವತ್ತೂ ನೆನಪಿರ್ತಿರಲಿಲ್ಲ. ರಾಜ್‌ಕುಮಾರ್ ಒಬ್ಬರನ್ನ ಬಿಟ್ರೆ ಉಳಿದೋರೆಲ್ಲ "ಆ ಉದ್ದ ಜಡೆಯೋಳು", "ಆ ಮೀಸೆಯೋನು", "ಅವತ್ತು ಬಾವಿಗೆ ಬಿದ್ದಳಲ್ಲ ಅವಳು" ಅಷ್ಟೇ. ಆದ್ರೆ ಉಮಾಶ್ರೀ ಮಾತ್ರ ಉಮಾಶ್ರೀನೇ. ಟೀವಿಲಿ ಅವರು ಬಂದ್ರೆ ಸಾಕು, ಅವರೆಕಾಯಿ ಸುಲೀತಿದ್ದ ಕೈ ನಿಲ್ಲಿಸಿ, "ಇವ್ಳು ನಮ್ ಕಡೆ ಹೆಣ್ಣು ಕಣವ್ವ" ಅನ್ನೋರು. ನಮ್ಮದು ನಂಜನಗೂಡು ಕಡೆ. ಅಜ್ಜಿ ಅಷ್ಟು ಖಡಾಖಂಡಿತವಾಗಿ ಹೇಳ್ತಿದ್ದರಿಂದ ಉಮಾಶ್ರೀ ನಮ್ಮೂರ ಹತ್ರದೋರೇ ಇರಬೇಕು ಅಂತ ನಾನೂ ಬಹಳ ವರ್ಷ ನಂಬ್ಕೊಂಡಿದ್ದೆ. ಅವರು ಹುಟ್ಟಿದ್ದು ತುಮಕೂರು ಜಿಲ್ಲೆ ತಿಪಟೂರು ತಾಲ್ಲೂಕಿನ ನೊಣವಿನಕೆರೆಲಿ, 1957ರಲ್ಲಿ ಅಂತ ಗೊತ್ತಾಗಿದ್ದು ಕಾಲೇಜಿಗೆ ಬಂದ ಮೇಲೆ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಬೆಂಗಳೂರಲ್ಲಿ ಪೀಜಿಲಿದ್ದಾಗ ನನ್ನ ರೂಮ್‌ಮೇಟ್ ಒಬ್ಬಳು ಕುಂದಾಪುರದೋಳು. ಒಂದು ಭಾನುವಾರ ಇಬ್ಬರೂ ಲ್ಯಾಪ್‌ಟಾಪ್‌ಲಿ ಉಮಾಶ್ರೀ ಇರೋ ಗುಲಾಬಿ ಟಾಕೀಸ್ ಸಿನಿಮಾ ನೋಡ್ತಾ ಕೂತಿದ್ವಿ. ಹತ್ತು ನಿಮಿಷ ಆಗಿರಲಿಲ್ಲ, ಅವಳು ನನ್ನ ಕಡೆ ತಿರುಗಿ, "ಇವ್ರ್ ನಮ್ ಬದಿಯರ್ ಅಲ್ದಾ ಮಾರಾಯ್ತಿ?" ಅಂದಳು. ನಂಗೆ ಮೈ ಜುಮ್ಮಂತು. ಅಜ್ಜಿ ಹೇಳಿದ್ದ ಮಾತೇ ಅದು, ಮುನ್ನೂರು ಕಿಲೋಮೀಟರ್ ಆಚೆಯ ಇನ್ನೊಂದು ಕನ್ನಡದಲ್ಲಿ.

ಉಮಾಶ್ರೀ ಬಗ್ಗೆ ಬರೆಯೋರೆಲ್ಲ ಅವರ ಕಷ್ಟ, ಅವರ ಕಾಮಿಡಿ, ಅವರ ರಾಜಕೀಯ ಇದನ್ನೇ ಬರೀತಾರೆ. ಬರೀಲಿ, ಅದೂ ನಿಜಾನೇ. ಆದ್ರೆ ನಂಗೆ ಅವರಲ್ಲಿ ಎಲ್ಲಕ್ಕಿಂತ ದೊಡ್ಡದು ಅನ್ಸೋದು ಅವರ ಕಿವಿ. ಒಂದು ಸೀಮೆಯ ಕನ್ನಡವನ್ನ ಆ ಸೀಮೆಯ ಹೆಂಗಸರ ಬಾಯಿಂದಾನೇ ಎತ್ಕೊಂಡು ಬಂದು ನಮ್ಮ ಮುಂದೆ ಇಡೋ ಆ ಕಿವಿ. ಭಾಷೆ ಬರೀ ಮಾತಲ್ಲ ಅವರ ಹತ್ರ, ಕೂರೋದು, ಏಳೋದು, ಸೆರಗು ಸಿಕ್ಕಿಸೋದು, ಎಲೆಅಡಿಕೆ ಉಗಿಯೋದು ಎಲ್ಲಾ ಆ ಮಾತಿನ ಜೊತೆಗೇ ಬರುತ್ತೆ.

ನಾನು ಚಿಕ್ಕವಳಿದ್ದಾಗ ನೋಡಿದ ಉಮಾಶ್ರೀ ಬೇರೆ. ಆಗ ಭಾನುವಾರ ಸಂಜೆ ದೂರದರ್ಶನದಲ್ಲಿ ಕನ್ನಡ ಸಿನಿಮಾ, ಬೀದಿಲಿ ಟೀವಿ ಇದ್ದ ಎರಡು ಮನೆಲಿ ನಮ್ಮದೂ ಒಂದು, ಹಾಲ್ ತುಂಬಾ ಜನ. ಹಾಸ್ಯನಟ ಎನ್.ಎಸ್. ರಾವ್ ಜೊತೆ ಉಮಾಶ್ರೀ ಬಂದ್ರು ಅಂದ್ರೆ ಗಂಡಸರೆಲ್ಲ ಸರಿಯಾಗಿ ಕೂತ್ಕೊಳೋರು, ನಮ್ಮಪ್ಪ ಎದ್ದು ಹೊರಗೆ ಹೋಗೋರು, ಅಮ್ಮ ನನ್ನನ್ನೂ ತಮ್ಮನನ್ನೂ "ಹೋಗಿ ನೀರು ತುಂಬಿಸ್ಕೊಂಡು ಬನ್ನಿ" ಅಂತ ಅಡುಗೆಮನೆಗೆ ಅಟ್ಟೋರು. ಕೊಡದಲ್ಲಿ ನೀರು ತುಂಬಿರ್ತಿತ್ತು, ಆದ್ರೂ ಹೋಗ್ಬೇಕಿತ್ತು. ಒಳಗಿಂದ ನಮಗೆ ನಗು ಮಾತ್ರ ಕೇಳಿಸ್ತಿತ್ತು. ಡಬಲ್ ಮೀನಿಂಗ್ ಅನ್ನೋ ಪದ ನಾನು ಕಲಿತಿದ್ದೇ ಅವರ ಹೆಸರಿನ ಜೊತೆ.

1984ರಲ್ಲಿ ಕಾಶೀನಾಥ್ ಅವರ ಅನುಭವ ಬಂತು, ಅದರಲ್ಲಿ ಉಮಾಶ್ರೀ ಜನರ ಕಣ್ಣಿಗೆ ಬಿದ್ರು. ಅಲ್ಲಿಂದ ಹತ್ತು ಹದಿನೈದು ವರ್ಷ ನಮ್ಮ ಸಿನಿಮಾದೋರು ಅವರನ್ನ ಹೆಚ್ಚುಕಮ್ಮಿ ಒಂದೇ ಕೆಲಸಕ್ಕೆ ಕರೆದ್ರು. ಮದುವೆ ಮುರಿದುಬಿದ್ದು ಎರಡು ಮಕ್ಕಳನ್ನ ಒಬ್ಬರೇ ಸಾಕಬೇಕಿದ್ದ ಹೆಂಗಸು, ಬಂದ ಪಾತ್ರ ಬೇಡ ಅನ್ನೋಕೆ ಯಾವ ಧೈರ್ಯದ ಮೇಲೆ ಆಗುತ್ತೆ ಹೇಳಿ. ನನ್ನ ಕಾಲೇಜಿನ ಲೆಕ್ಚರರ್ ಒಬ್ಬರು, ಕನ್ನಡ ಓದಿದೋರೇ, ನಾನು ಸೆಮಿನಾರ್‌ಗೆ ಉಮಾಶ್ರೀ ಮೇಲೆ ಮಾಡ್ತೀನಿ ಅಂದಾಗ "ಅವಳ ಮೇಲೆ ಏನಿದೆ ಮಾತಾಡೋಕೆ" ಅಂದ್ರು. ಕ್ಲಾಸೆಲ್ಲ ನಕ್ತು. ನಾನು ವಿಷಯ ಬದಲಾಯಿಸಿದೆ. ಅದು ಇವತ್ತಿಗೂ ನನ್ನ ಮನಸ್ಸಲ್ಲಿ ಮುಳ್ಳಿನ ಹಾಗೆ ಉಳ್ಕೊಂಡಿದೆ, ಅವತ್ತು ಮಾತಾಡ್ಬೇಕಿತ್ತು ನಾನು.

ಯಾಕಂದ್ರೆ ಅದೇ ವರ್ಷ ಒಡಲಾಳ ನೋಡಿದ್ದೆ.

ದೇವನೂರ ಮಹಾದೇವ ಅವರ ಆ ಕಿರುಕಾದಂಬರಿ ಓದಿದೋರಿಗೆ ಸಾಕವ್ವ ಗೊತ್ತು. ಸಿ.ಜಿ. ಕೃಷ್ಣಸ್ವಾಮಿ, ಅಂದ್ರೆ ರಂಗಭೂಮಿಯೋರೆಲ್ಲ ಸಿಜಿಕೆ ಅಂತ ಕರೆಯೋರು, ಅದನ್ನ ನಾಟಕ ಮಾಡಿಸಿದ್ರು, ಸಾಕವ್ವ ಆಗಿದ್ದು ಉಮಾಶ್ರೀ. ಆ ಪಾತ್ರಕ್ಕೆ ಮೊದಲ ಸಲ ಬಣ್ಣ ಹಚ್ಚಿದಾಗ ಅವರಿನ್ನೂ ಚಿಕ್ಕ ವಯಸ್ಸಿನೋರು. ಆಮೇಲೆ ವರ್ಷಗಟ್ಟಲೆ ಆ ಮುದುಕಿ ಅವರ ಜೊತೆಗೇ ಬಂದಳು. ಸಾಕವ್ವನ ಹುಂಜ ಕಾಣೆಯಾಗುತ್ತೆ, ಅದನ್ನ ಹುಡುಕ್ಕೊಂಡು ಹೊರಡ್ತಾಳೆ, ಕತೆ ಇರೋದೇ ಇಷ್ಟು ಅನ್ನೋ ಹಾಗೆ ಶುರುವಾಗುತ್ತೆ. ಮನೆ ತುಂಬಾ ಮಕ್ಕಳು ಮೊಮ್ಮಕ್ಕಳು, ಅವರ ಜಗಳ, ಹಸಿವು. ಒಂದು ರಾತ್ರಿ ಸಾವ್ಕಾರನ ಮನೆಯ ಕಡ್ಲೆಕಾಯಿ ಮೂಟೆ ಗುಡಿಸಲಿಗೆ ಬರುತ್ತೆ, ಇಡೀ ಸಂಸಾರ ಒಲೆ ಸುತ್ತ ಕೂತು ತಿನ್ನುತ್ತೆ. ಬೆಳಗಾದ್ರೆ ಪೊಲೀಸರು.

ನಾನು ಆ ಪುಸ್ತಕ ಓದಿಯೇ ಹೋಗಿದ್ದೆ, ಮುಂದೇನಾಗುತ್ತೆ ಅಂತ ಗೊತ್ತಿತ್ತು. ಆದ್ರೂ ರಂಗದ ಮೇಲೆ ಆ ಮುದುಕಿ ಬಾಯಿಬಿಟ್ಟ ತಕ್ಷಣ ನಮ್ಮಜ್ಜಿ ಬಂದು ನಿಂತ ಹಾಗಾಯ್ತು. ಹುಂಜ ಕದ್ದೋನಿಗೆ ಶಾಪ ಹಾಕೋ ಆ ಧಾಟಿ ಇದೆಯಲ್ಲ, ನಮ್ಮ ಕಡೆ ಅಜ್ಜಿಯರು ಬೈಯೋವಾಗ ಬೈಗುಳಕ್ಕೂ ಒಂದು ರಾಗ ಇರುತ್ತೆ, ಕೊನೆ ಅಕ್ಷರ ಎಳೆದು ಮೇಲಕ್ಕೆ ಹಾರಿಸಿ ಉಸಿರು ತಗೊಂಡು ಮತ್ತೆ ಮೊದಲಿಂದ ಶುರು ಮಾಡ್ತಾರೆ, ಬೈತಾ ಬೈತಾ ಅವರಿಗೇ ಅಳು ಬರುತ್ತೆ, ಆಮೇಲೆ ಆ ಅಳುನಲ್ಲೇ ಮತ್ತೆ ಬೈಯ್ತಾರೆ. ಅದು ಕಲಿಸಿದರೆ ಬರೋದಲ್ಲ. ಕೂತಲ್ಲಿಂದ ಏಳೋವಾಗ ಮೊದಲು ಮೊಣಕಾಲಿಗೆ ಕೈ, ಆಮೇಲೆ ಸೊಂಟಕ್ಕೆ ಕೈ, ಪೂರ್ತಿ ನೆಟ್ಟಗಾಗೋ ಮೊದಲೇ ನಡೆಯೋಕೆ ಶುರು. ನಮ್ಮಜ್ಜಿ ಹಂಗೇ ಏಳ್ತಿದ್ದಿದ್ದು. ಪಕ್ಕದ ಸೀಟಿನಲ್ಲಿದ್ದ ದೊಡ್ಡವರೊಬ್ಬರು ಕನ್ನಡಕ ತೆಗೆದು ಪಂಚೆ ತುದಿಲಿ ಒರೆಸ್ಕೊತಿದ್ರು. ನಾಟಕದಲ್ಲಿ ನಗೋ ಜಾಗಗಳೂ ಬೇಕಾದಷ್ಟಿದ್ವು, ನಕ್ಕಿದ್ವಿ. ಭಾನುವಾರ ಟೀವಿ ಮುಂದೆ ಕೇಳಿಸ್ತಿದ್ದ ನಗು ಅದಲ್ಲ ಅಷ್ಟೇ. ಆದ್ರೆ ನಗಿಸಿದ್ದು ಅದೇ ಗಂಟಲು, ಅದೇ ಟೈಮಿಂಗು. ಎಲ್ಲಿ ನಿಲ್ಲಿಸ್ಬೇಕು, ಯಾವ ಪದ ಒತ್ತಿ ಹೇಳ್ಬೇಕು ಅನ್ನೋ ಲೆಕ್ಕ ಅದೇ. ಸಿನಿಮಾದೋರು ಆ ಲೆಕ್ಕವನ್ನ ಚಿಲ್ಲರೆಗೆ ಮಾತ್ರ ಉಪಯೋಗಿಸ್ಕೊಂಡ್ರು ಅನ್ನೋದು ನನ್ನ ಸಿಟ್ಟು.

ಎಲ್ಲರೂ ಹಾಗಿರಲಿಲ್ಲ ಅನ್ನೋದನ್ನೂ ಹೇಳ್ಬೇಕು. ಕತೆಗಾರ ಕುಂವೀ, ಅಂದ್ರೆ ಕುಂ. ವೀರಭದ್ರಪ್ಪ ಅವರ ಕತೆ ಇಟ್ಕೊಂಡು ನಾಗತಿಹಳ್ಳಿ ಚಂದ್ರಶೇಖರ್ 1994ರಲ್ಲಿ ಕೊಟ್ರೇಶಿ ಕನಸು ಮಾಡಿದಾಗ ಅವರನ್ನ ಕರೆದ್ರು, ಬಳ್ಳಾರಿ ಸೀಮೆಯ ಬಡವರ ಕತೆ ಅದು. ಮರುವರ್ಷ ಪುಟ್ನಂಜ. ರವಿಚಂದ್ರನ್ ಸಿನಿಮಾ ಅಂದ್ರೆ ಹೂವು ಹಣ್ಣು ಹೀರೋಯಿನ್ನು ಅಂತ ನೋಡೋಕೆ ಹೋದ ಜನ, ಹೊರಗೆ ಬಂದಾಗ ಪುಟ್ಮಲ್ಲಿ ಅಂತ ಒಬ್ಬ ಅಜ್ಜಿಯ ಹೆಸರು ಹೇಳ್ಕೊಂಡು ಬಂದ್ರು. ರವಿಚಂದ್ರನ್‌ಗಿಂತ ಉಮಾಶ್ರೀ ನಾಲ್ಕೇ ವರ್ಷ ದೊಡ್ಡೋರು, ಇದನ್ನ ಯೋಚನೆ ಮಾಡಿ ಒಂದು ಸಲ. ಮೂವತ್ತೆಂಟರ ಹೆಂಗಸು ಮೂವತ್ನಾಲ್ಕರ ಹೀರೋಗೆ ಅಜ್ಜಿ. ಯಾರಿಗಾದ್ರೂ ಅನುಮಾನ ಬಂತಾ? ನಮ್ಮೂರ ಟೆಂಟಲ್ಲಿ ನೋಡಿದ್ದು ನಾವು, ನಮ್ಮಜ್ಜಿನೂ ಬಂದಿದ್ರು, ವಾಪಸ್ ಬರೋ ದಾರಿಲಿ "ನನ್ ವಾರ್ಗೆಯೋಳೇ ಇರ್ಬೇಕು ಅವ್ಳು" ಅಂದ್ರು. ಅಜ್ಜಿಗೆ ಆಗ ಎಪ್ಪತ್ತು.

ಸಾಕವ್ವನೂ ಮುದುಕಿ, ಪುಟ್ಮಲ್ಲಿನೂ ಮುದುಕಿ. ಆದ್ರೆ ಇಬ್ಬರನ್ನ ಅಕ್ಕಪಕ್ಕ ನಿಲ್ಲಿಸಿದ್ರೆ ಅಕ್ಕತಂಗಿ ಅಂತಾನೂ ಹೇಳೋಕಾಗಲ್ಲ. ಪುಟ್ಮಲ್ಲಿ ಉಂಡು ಉಟ್ಟು ಊರನ್ನೇ ದಬಾಯಿಸೋ ಯಜಮಾನ್ತಿ, ಎದೆ ಸೆಟೆಸಿ ನಿಲ್ತಾಳೆ, ಮಾತು ಹೊಟ್ಟೆಯಿಂದ ಬರುತ್ತೆ. ಸಾಕವ್ವನ ಹೊಟ್ಟೆಲಿ ಏನೂ ಇಲ್ಲ, ಅವಳ ಮಾತು ಕುತ್ತಿಗೆಯ ನರದಿಂದ ಬರುತ್ತೆ. ಹಸಿವು ಧ್ವನಿಲಿ ಕೇಳಿಸುತ್ತೆ ಅಂತ ನಂಗೆ ಗೊತ್ತಾಗಿದ್ದು ಅವರಿಂದ.

ಇನ್ನು ಗುಲಾಬಿ. ಗಿರೀಶ್ ಕಾಸರವಳ್ಳಿ ಅವರ ಸಿನಿಮಾ, ಬಿಡುಗಡೆ ಆಗಿದ್ದು 2008ರಲ್ಲಿ. ಕತೆ ವೈದೇಹಿ ಅವರದ್ದು, ಕಾಸರವಳ್ಳಿ ಅದನ್ನ ತಮ್ಮ ಥರ ಬಹಳ ಬದಲಾಯಿಸ್ಕೊಂಡಿದಾರೆ. ಕುಂದಾಪುರ ಕಡೆಯ ಮೀನುಗಾರರ ಊರು, ಕಾರ್ಗಿಲ್ ಯುದ್ಧದ ಹೊತ್ತು. ಗುಲಾಬಿ ಸೂಲಗಿತ್ತಿ, ಮುಸ್ಲಿಂ ಹೆಂಗಸು, ಗಂಡ ಮೂಸ ಇನ್ನೊಂದು ಮದುವೆ ಮಾಡ್ಕೊಂಡು ಇವಳನ್ನ ಬಿಟ್ಟಿದಾನೆ, ಮಕ್ಕಳಿಲ್ಲ. ಇರೋದು ಒಂದೇ ಒಂದು, ಸಿನಿಮಾ ಹುಚ್ಚು. ಹೆರಿಗೆ ಮಾಡಿಸಿದ್ದಕ್ಕೆ ದುಡ್ಡಿರೋರ ಮನೆಯಿಂದ ಒಂದು ಕಲರ್ ಟೀವಿ, ಡಿಶ್ ಆಂಟೆನಾ ಸಿಗುತ್ತೆ. ಒಂಟಿ ಹೆಂಗಸಿನ ಮನೆ ಟಾಕೀಸ್ ಆಗಿಬಿಡುತ್ತೆ. ಒಂದಷ್ಟು ಹೆಂಗಸರು ಬಂದು ಕೂರ್ತಾರೆ, ಒಂದಷ್ಟು ಜನ ಸಾಬರ ಮನೆ ಅಂತ ಹೊಸಿಲು ದಾಟಲ್ಲ.

ಟೀವಿ ಮುಂದೆ ಕೂತಾಗ ಗುಲಾಬಿ ಮುಖ ನೋಡ್ಬೇಕು ನೀವು. ಏನೂ ಮಾಡಲ್ಲ ಅಲ್ಲಿ ಅವರು. ಮಾತಿಲ್ಲ, ಟೀವಿಯ ಬೆಳಕು ಮುಖದ ಮೇಲೆ ಬೀಳ್ತಿರುತ್ತೆ, ತುಟಿ ಒಂಚೂರು ಬಿಟ್ಕೊಂಡಿರುತ್ತೆ, ಮಕ್ಕಳು ಜಾತ್ರೆಲಿ ತೊಟ್ಟಿಲು ನೋಡ್ತಾ ನಿಲ್ತಾವಲ್ಲ ಹಾಗೆ. ವರ್ಷಗಟ್ಟಲೆ ನಮ್ಮನ್ನ ನಗಿಸೋಕೆ ಅಂತ ಕಣ್ಣು ಕೈ ಸೊಂಟ ಎಲ್ಲಾ ಆಡಿಸಿದ ನಟಿ ಇಲ್ಲಿ ಎಲ್ಲಾ ಬಿಟ್ಟು ಸುಮ್ಮನೆ ಕೂತಿದಾರೆ, ಆ ಸುಮ್ಮನೆ ಕೂರೋದರಿಂದ ಕಣ್ಣು ತೆಗೆಯೋಕಾಗಲ್ಲ ನಮಗೆ. ನೇತ್ರು ಅನ್ನೋ ಹುಡುಗಿ, ಎಂ.ಡಿ. ಪಲ್ಲವಿ ಮಾಡಿದಾರೆ, ಗುಲಾಬಿಗೆ ಹತ್ರ ಆಗ್ತಾಳೆ, ಆಮೇಲೆ ಒಂದು ದಿನ ಕಾಣೆಯಾಗ್ತಾಳೆ, ಊರು ಗುಲಾಬಿ ಮೇಲೆ ತಿರುಗಿಬೀಳುತ್ತೆ. ದೊಡ್ಡ ಬೋಟಿನೋರಿಗೂ ಚಿಕ್ಕ ಮೀನುಗಾರರಿಗೂ ಇದ್ದ ಹೊಟ್ಟೆಪಾಡಿನ ಜಗಳ ನೋಡನೋಡ್ತಾ ಧರ್ಮದ ಜಗಳ ಆಗಿಹೋಗುತ್ತೆ. ಆ ಊರಿನ ಅರ್ಧ ಮಕ್ಕಳ ಹೊಕ್ಕುಳಬಳ್ಳಿ ಕತ್ತರಿಸಿದ ಹೆಂಗಸನ್ನ ದೋಣಿ ಹತ್ತಿಸಿ ಕಳಿಸಿಬಿಡ್ತಾರೆ. ನನ್ನ ರೂಮ್‌ಮೇಟ್ ಅಷ್ಟು ಹೊತ್ತಿಗೆ ಮಂಡಿಗೆ ಮುಖ ಒತ್ಕೊಂಡು ಕೂತಿದ್ದಳು. ಉಮಾಶ್ರೀ ತುಮಕೂರು ಕಡೆಯೋರು ಅಂತ ಆಮೇಲೆ ಹೇಳಿದ್ರೂ ನಂಬಲಿಲ್ಲ ಅವಳು, ಫೋನಲ್ಲಿ ಹುಡುಕಿ ತೋರಿಸ್ಬೇಕಾಯ್ತು. "ಸಾಧ್ಯವೇ ಇಲ್ಲ, ನಮ್ಮ ದೊಡ್ಡಮ್ಮ ಮಾತಾಡಿದ ಹಾಗೇ ಇತ್ತು" ಅಂದಳು.

ಆ ಪಾತ್ರಕ್ಕೆ 2007ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂತು, ಅತ್ಯುತ್ತಮ ನಟಿ. ಘೋಷಣೆ ಆಗಿದ್ದು 2009ರ ಸೆಪ್ಟೆಂಬರ್‌ಲಿ. ಕನ್ನಡ ಸಿನಿಮಾಗೆ ಆ ಪ್ರಶಸ್ತಿ ತಂದೋರು ಅವರಿಗಿಂತ ಮುಂಚೆ ಇಬ್ಬರೇ, 1973ರ ಕಾಡು ಸಿನಿಮಾಗೆ ನಂದಿನಿ ಭಕ್ತವತ್ಸಲ, 2004ರ ಹಸೀನಾಗೆ ತಾರಾ. ಹಸೀನಾ ಕೂಡ ಕಾಸರವಳ್ಳಿ ಅವರದ್ದೇ, ತಾರಾ ಕೂಡ ಕಮರ್ಷಿಯಲ್ ಸಿನಿಮಾದಲ್ಲಿ ವರ್ಷಗಟ್ಟಲೆ ದುಡಿದೋರೇ. ನಮ್ಮ ಕಮರ್ಷಿಯಲ್ ಸಿನಿಮಾ ತನ್ನ ಮನೆಯೊಳಗೇ ಇದ್ದ ಇಬ್ಬರು ಹೆಣ್ಣುಮಕ್ಕಳ ಕೈಲಿ ಎಷ್ಟಿದೆ ಅಂತ ನೋಡೋಕೆ ಪಕ್ಕದ ಮನೆಯೋರು ಬರ್ಬೇಕಾಯ್ತು. ಅವತ್ತು ಪೇಪರ್‌ಲಿ ಫೋಟೋ ನೋಡಿದಾಗ ನಂಗೆ ಮೊದಲು ನೆನಪಾಗಿದ್ದು ಆ ಸೆಮಿನಾರ್ ಕ್ಲಾಸು. ಆ ಪೇಪರ್ ಕಟಿಂಗ್ ಇನ್ನೂ ಇಟ್ಕೊಂಡಿದೀನಿ.

ರಾಜಕೀಯದ ಬಗ್ಗೆ ನಾನು ಹೆಚ್ಚು ಬರೆಯಲ್ಲ. ಬಾಗಲಕೋಟೆ ಜಿಲ್ಲೆಯ ತೇರದಾಳದಿಂದ ನಿಂತ್ರು, 2008ರಲ್ಲಿ ಸೋತ್ರು, 2013ರಲ್ಲಿ ಗೆದ್ರು, ಸಿದ್ದರಾಮಯ್ಯ ಸರ್ಕಾರದಲ್ಲಿ ಮಂತ್ರಿ ಆದ್ರು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಜೊತೆಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ. 2018ರಲ್ಲಿ ಮತ್ತೆ ಸೋತ್ರು. ಈಗ ವಿಧಾನ ಪರಿಷತ್ತಲ್ಲಿದಾರೆ. ಆ ವರ್ಷಗಳಲ್ಲಿ ಅವರ ಕೈಗೆ ಸಿಗದೇ ಹೋದ ಪಾತ್ರಗಳ ಬಗ್ಗೆ ಯೋಚನೆ ಮಾಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ, ಇದು ಅಭಿಮಾನಿಯ ಸ್ವಾರ್ಥ ಅಂತ ಬೇಕಾದ್ರೆ ಅನ್ನಿ. ಒಂದು ಮಾತ್ರ ಹೇಳ್ತೀನಿ, ನೊಣವಿನಕೆರೆಯ ಹೆಣ್ಣುಮಗಳು ನೇಕಾರರ ಊರುಗಳಿರೋ ಉತ್ತರ ಕರ್ನಾಟಕದ ಕ್ಷೇತ್ರಕ್ಕೆ ಹೋಗಿ, "ಇಕಿ ನಮ್ಮಾಕಿ" ಅನ್ನಿಸ್ಕೊಂಡು ಗೆಲ್ಲೋದು ಸುಮ್ಮನೆ ಅಲ್ಲ.

ಮಂತ್ರಿಗಿರಿ ಮುಗಿದ ಮೇಲೆ ಅವರು ವಾಪಸ್ ಬಂದಿದ್ದು ರಂಗಕ್ಕೆ. ಶರ್ಮಿಷ್ಠೆ ಅಂತ ಏಕವ್ಯಕ್ತಿ ನಾಟಕ, ಬೇಲೂರು ರಘುನಂದನ್ ಬರೆದಿದ್ದು, ಚಿದಂಬರರಾವ್ ಜಂಬೆ ನಿರ್ದೇಶನ. ಅಸುರ ರಾಜ ವೃಷಪರ್ವನ ಮಗಳು, ರಾಜಕುಮಾರಿಯಾಗಿ ಹುಟ್ಟಿ ದೇವಯಾನಿಯ ದಾಸಿಯಾಗಿ ಬದುಕಿದೋಳು, ಕೊನೆಗೆ ಅವಳ ಮಗ ಪುರುನೇ ಯಯಾತಿಯ ಮುಪ್ಪು ಹೊತ್ಕೊಳೋದು. ಅರವತ್ತು ದಾಟಿದ ಮೇಲೆ, ಎದುರಿಗೆ ಮಾತು ಕೊಡೋಕೆ ಇನ್ನೊಬ್ಬರಿಲ್ಲದೆ ಇಡೀ ನಾಟಕ ಒಬ್ಬರೇ ಹೊರೋದು ಅಂದ್ರೆ ಎಷ್ಟು ಉಸಿರು ಬೇಕು ಗೊತ್ತಾ. ಸಿನಿಮಾದಲ್ಲಿ ಸಾಲು ಮರೆತ್ರೆ ಇನ್ನೊಂದು ಟೇಕ್ ಇದೆ, ಅಲ್ಲಿ ಇಲ್ಲ.

2021ರ ಡಿಸೆಂಬರ್‌ಲಿ ಜೀ ಕನ್ನಡದಲ್ಲಿ ಪುಟ್ಟಕ್ಕನ ಮಕ್ಕಳು ಶುರುವಾದಾಗ ಮನೆಮನೆಗೆ ಮತ್ತೆ ಬಂದ್ರು. ಗಂಡುಮಗು ಆಗಲಿಲ್ಲ ಅಂತ ಗಂಡ ಬಿಟ್ಟುಹೋದ ಹೆಂಗಸು, ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನ ಸಾಕ್ತಾಳೆ. ಗುಲಾಬಿನೂ ಗಂಡ ಬಿಟ್ಟೋಳು, ಪುಟ್ಟಕ್ಕನೂ ಅಷ್ಟೇ. ಸೀರಿಯಲ್ ಅಂದ್ರೆ ಮೂಗು ಮುರಿಯೋರಿಗೆ ನಾನು ಹೇಳೋದು, ಪುಟ್ಟಕ್ಕ ಮೆಸ್ಸಲ್ಲಿ ಮುದ್ದೆ ಕಟ್ಟೋದನ್ನ ನೋಡಿ. ಎಲ್ಲೋ ನೋಡ್ತಾ ಯಾರ ಜೊತೆಗೋ ಮಾತಾಡ್ತಾ ಇದ್ರೂ ಕೈ ತನ್ನ ಪಾಡಿಗೆ ತಾನು ಉಂಡೆ ತಿರುಗಿಸ್ತಿರುತ್ತೆ. ನಲವತ್ತು ವರ್ಷ ಒಲೆ ಮುಂದೆ ನಿಂತ ಕೈ ಅದು.

ಈಗ ನನ್ನ ಈ ಬರಹಕ್ಕೆ ಕಾರಣ ಆಗಿದ್ದಕ್ಕೆ ಬರ್ತೀನಿ. 2025ರ ಜನವರಿಲಿ ಹೊನ್ನಾವರದಲ್ಲಿ ಪೆರ್ಡೂರು ಮೇಳದ ಆಟದಲ್ಲಿ ಅವರು ಮಂಥರೆ ವೇಷ ಹಾಕಿದ್ರು. ಯಕ್ಷಗಾನ. ಅರವತ್ತೇಳನೇ ವಯಸ್ಸಲ್ಲಿ, ತಮ್ಮದಲ್ಲದ ಒಂದು ಕಲೆಯ ರಂಗಸ್ಥಳಕ್ಕೆ, ಆ ಕಲೆಯನ್ನ ಅರೆದು ಕುಡಿದಿರೋ ಜನರ ಮುಂದೆ. ಅಲ್ಲಿ ಇಂಗ್ಲಿಷ್ ಪದ ಒಂದು ಜಾರಿದ್ರೂ ತಪ್ಪು, ಹಾಡೋ ಭಾಗವತರ ಪದಕ್ಕೆ ಸರಿಯಾಗಿ ಹೆಜ್ಜೆ ಬೀಳ್ಬೇಕು, ಅರ್ಥ ಹೇಳ್ಬೇಕು. ಅದರ ವಿಡಿಯೋ ತುಣುಕು ಆಗ ಫೋನ್ ಫೋನಿಗೆ ಓಡಾಡ್ತಿತ್ತು, ಅದನ್ನ ಮೊನ್ನೆ ಮತ್ತೆ ಹುಡುಕಿ ಅಮ್ಮನಿಗೆ ತೋರಿಸಿದೆ. ಅಜ್ಜಿ ಹೋಗಿ ಹನ್ನೊಂದು ವರ್ಷ ಆಯ್ತು, ಇದ್ದಿದ್ರೆ ಈ ಮಂಥರೆನೂ ನಮ್ಮ ಕಡೆಯೋಳೇ ಅಂತಿದ್ರು.

ಅಮ್ಮ ಪೂರ್ತಿ ನೋಡಿ ಫೋನ್ ಕೈಗೆ ಕೊಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ಅವತ್ತು ನಿಮ್ಮನ್ನ ನೀರು ತುಂಬೋಕೆ ಕಳಿಸ್ತಿದ್ದೆನಲ್ಲ, ನಾನು ಎದ್ದು ಬರ್ತಿರಲಿಲ್ಲ, ಅಲ್ಲೇ ಕೂತು ನೋಡ್ತಿದ್ದೆ" ಅಂದ್ರು.

ನಾನು ಯಾಕಮ್ಮ ಅಂದೆ.

"ಬೇರೆ ಹೀರೋಯಿನ್‌ಗಳು ಗಂಡಸರು ಏನಂದ್ರೂ ತಲೆ ತಗ್ಗಿಸ್ಕೊಂಡು ಅಳೋರು. ಇವಳೊಬ್ಬಳೇ ಕಣೇ ತಿರುಗಿಸಿ ಮಾತು ಕೊಡ್ತಿದ್ದಿದ್ದು. ಕೆಟ್ಟ ಮಾತೋ ಒಳ್ಳೆ ಮಾತೋ, ಕೊಡ್ತಿದ್ದಳಲ್ಲ. ನಿಮ್ಮಪ್ಪ ಎದ್ದು ಹೋದ ಮೇಲೆ ನಾನು, ಅಜ್ಜಿ, ಪಕ್ಕದ್ಮನೆ ಸಾವಿತ್ರಮ್ಮ ಎಲ್ಲಾ ಬಾಯಿಗೆ ಸೆರಗು ಅಡ್ಡ ಇಟ್ಕೊಂಡು ನಗ್ತಿದ್ವಿ."

ಒಳಗೆ ಅಡುಗೆಮನೆಲಿ ತುಂಬಿದ ಕೊಡದ ಮುಂದೆ ನಿಂತು ನಾನೂ ನನ್ನ ತಮ್ಮನೂ ಕೇಳಿಸ್ಕೊತಿದ್ದ ನಗು ಅದು.